ಹೊಸ ಸ್ಟುಡಿಯೋ, ಹಳೇ ಗರಡಿ, ಅಡಿಕೆ ತೋಟ: ಮೈಗೆ ಕಸುವು ಬರುವುದು ಎಲ್ಲಿ?

ವಿನೋಬನಗರದವಳು
ಶಿವಮೊಗ್ಗದಲ್ಲಿದ್ದೇನೆ. ಆಫೀಸಿನಲ್ಲಿ ಇಡೀ ದಿನ ಕುರ್ಚಿ ಮೇಲೆ. ವಯಸ್ಸು ನಲವತ್ತರ ಹತ್ತಿರ. ಸೊಂಟನೋವು ಎಂದು ತೋರಿಸಿದರೆ ಡಾಕ್ಟರು, ಡಿಸ್ಕ್ ಎಲ್ಲ ಸರಿಯಾಗಿದೆ, ಬೆನ್ನಿಗೆ ಕಾಲಿಗೆ ಬಲ ಇಲ್ಲ, ಮೊದಲು ಅದನ್ನು ನೋಡಿಕೊಳ್ಳಿ ಎಂದರು.

ಮನೆ ಹತ್ತಿರವೇ ಹೊಸ ಫಿಟ್‌ನೆಸ್ ಸ್ಟುಡಿಯೋ ಆಗಿತ್ತು, ಸೇರಿದೆ. ಒಂದು ದಿನ ಜುಂಬಾ, ಮರುದಿನ ತಬಾಟಾ, ಇನ್ನೊಂದು ದಿನ ದಪ್ಪ ಹಗ್ಗ ನೆಲಕ್ಕೆ ಬಡಿಯುವುದು, ಟೈರ್ ಉರುಳಿಸುವುದು. ಇವತ್ತು ಮಾಡಿಸಿದ್ದನ್ನು ತಿಂಗಳಾದರೂ ಮತ್ತೆ ಮಾಡಿಸುವುದಿಲ್ಲ. ಖುಷಿಯಾಗಿದೆ, ಸುಳ್ಳು ಹೇಳುವುದಿಲ್ಲ. ಬೆವರಿಗೇನೂ ಬರ ಇಲ್ಲ. ಆದರೆ ಗ್ಯಾಸ್ ಸಿಲಿಂಡರ್ ಸರಿಸಲು ಹೋದರೆ ಸೊಂಟ ಹಾಗೇ ಹಿಡಿಯುತ್ತದೆ. ಕೋಚ್ ಹುಡುಗನನ್ನು ಕೇಳಿದೆ. "ಮಸಲ್‌ಗೆ ಕನ್‌ಫ್ಯೂಷನ್ ಕೊಡ್ತಾ ಇರಬೇಕು ಮೇಡಂ" ಎಂದ. ಸದ್ಯಕ್ಕೆ ಕನ್‌ಫ್ಯೂಷನ್ ಬಂದಿರುವುದು ನನಗೆ.

ನನ್ನ ತಮ್ಮ ಗರಡಿಗೆ ಹೋಗುತ್ತಾನೆ. "ಇವೆಲ್ಲ ಡ್ಯಾನ್ಸು ಬಿಟ್ಟು ಬಸ್ಕಿ ಹೊಡಿ ಅಕ್ಕಾ" ಎನ್ನುತ್ತಾನೆ. ತೀರ್ಥಹಳ್ಳಿಯಲ್ಲಿರುವ ಮಾವನವರದು ಇನ್ನೊಂದು. "ದುಡ್ಡು ಕೊಟ್ಟು ಬೆವರು ಸುರಿಸುವುದು ಎಂಥಕ್ಕೆ? ತೋಟಕ್ಕೆ ಬಂದು ನಾಲ್ಕು ಹೆಡಿಗೆ ಗೊಬ್ಬರ ಹೊರು, ಎಲ್ಲ ಸರಿಯಾಗುತ್ತದೆ." ತಿಳಿದವರು ಹೇಳಿ, ಯಾವುದು ಸರಿ?

ಗೋಪಿ ಸರ್ಕಲ್
ಮಾವನವರ ಮಾತು ನಂಬಬೇಡಿ. ಆಳು ಸಿಕ್ಕಿಲ್ಲ, ಅಷ್ಟೇ.

ಬಾರ್ಬೆಲ್ ಭಟ್ಟ
ಅಕ್ಕಾ, ಒಂದು ಪ್ರಶ್ನೆ. ಸೇರಿದ ದಿನ ಎಷ್ಟು ಭಾರ ಎತ್ತುತ್ತಿದ್ದಿರಿ, ಈಗ ಎಷ್ಟು ಎತ್ತುತ್ತೀರಿ? ಯಾರಾದರೂ ಬರೆದಿಟ್ಟಿದ್ದಾರಾ? ಇಲ್ಲ ಅಲ್ವಾ? ಅಲ್ಲೇ ಇದೆ ನೋಡಿ ವಿಷಯ.

ಸ್ನಾಯುವಿಗೆ ಬಲ ಬರುವ ದಾರಿ ತುಂಬ ಹಳೆಯದು, ತುಂಬ ಬೋರಿನದು. ಇವತ್ತು ಮಾಡಬಹುದಾದ ಭಾರ ಎತ್ತು, ಸುಧಾರಿಸಿಕೋ, ಮುಂದಿನ ಸಲ ಚೂರು ಜಾಸ್ತಿ ಎತ್ತು. 1940ರ ದಶಕದಲ್ಲಿ ಥಾಮಸ್ ಡಿಲೋರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಯುದ್ಧದಲ್ಲಿ ಮಂಡಿ, ತೊಡೆಗೆ ಪೆಟ್ಟಾದ ಸೈನಿಕರಿಗೆ ಹೀಗೇ ಸ್ವಲ್ಪ ಸ್ವಲ್ಪ ಭಾರ ಏರಿಸುತ್ತಾ ಬಲ ತರಿಸಿದರು. ಅದಕ್ಕೂ ಮುಂಚೆ ಅಂಥವರಿಗೆ ಹಗುರ ಕಸರತ್ತನ್ನೇ ಬೇಕಾದಷ್ಟು ಸಲ ಮಾಡಿಸುತ್ತಿದ್ದರು. ಇವತ್ತಿನ ಫಿಸಿಯೋಥೆರಪಿಯೂ, ಕ್ರೀಡಾಪಟುಗಳ ತರಬೇತಿಯೂ ಅದರ ಮೇಲೇ ನಿಂತಿದೆ.

ದಿನಕ್ಕೊಂದು ಹೊಸ ಕಸರತ್ತು ಮಾಡಿಸಿದರೆ ಏರಿಸುವುದಾದರೂ ಏನನ್ನು? ಒಂದೇ ಕಡೆ ಬಾವಿ ತೋಡದೆ ಊರೆಲ್ಲ ಎರಡೆರಡು ಅಡಿ ಅಗೆದ ಹಾಗೆ. ಬೆವರು ಬರುತ್ತದೆ, ನೀರು ಬರುವುದಿಲ್ಲ.

ವಾರಕ್ಕೆ ಮೂರು ದಿನ ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಪ್ರೆಸ್ (ಭಾರವನ್ನು ತಲೆ ಮೇಲೆ ತಳ್ಳುವುದು). ಕೈಯಲ್ಲಿ ಒಂದು ನೋಟ್‌ಬುಕ್. ಮುಗೀತು.

ಮಟ್ಟಿ ಮಣ್ಣು
ಭಟ್ರೇ, ಅಮೆರಿಕದ ತನಕ ಯಾಕೆ ಹೋಗುತ್ತೀರಿ? ಗರಡಿಯಲ್ಲಿ ಇದೇ ನಡೆಯುವುದು. ಹೊಸಬನ ಕೈಗೆ ಯಾವ ಉಸ್ತಾದರೂ ಮೊದಲ ದಿನವೇ ದೊಡ್ಡ ಗದೆ ಕೊಡುವುದಿಲ್ಲ. ಮೊದಲು ಬರೀ ದಂಡ, ಬಸ್ಕಿ. ಆಮೇಲೆ ಚಿಕ್ಕ ಗದೆ. ಅದು ಭುಜದ ಹಿಂದೆ ಸಲೀಸಾಗಿ ತಿರುಗಿದ ಮೇಲೆ ಅದಕ್ಕಿಂತ ದೊಡ್ಡದು. ಗುಂಡು ಕಲ್ಲೂ ಹಾಗೇ, ಚಿಕ್ಕದರಿಂದ ಶುರು.

ಇನ್ನೊಂದು ಹೇಳುತ್ತೇನೆ. ಬೆಳಗ್ಗೆ ಗರಡಿಗೆ ಹೋದರೆ ಮೊದಲು ಕೈಗೆ ಬರುವುದು ಗುದ್ದಲಿ. ಹಿಂದಿನ ದಿನ ಕುಸ್ತಿ ಆಡಿ ತುಳಿದು ಗಟ್ಟಿಯಾದ ಕೆಮ್ಮಣ್ಣನ್ನು ಈ ಮೂಲೆಯಿಂದ ಆ ಮೂಲೆಗೆ ಅಗೆಯಬೇಕು. ಹೆಂಟೆ ಉಳಿದರೆ ಬೈಗುಳ. ಆಮೇಲೆ ಹಲಗೆಗೆ ಹಗ್ಗ ಕಟ್ಟಿ, ಅದರ ಮೇಲೆ ಒಬ್ಬ ಹುಡುಗನನ್ನು ಕೂರಿಸಿ, ಸೊಂಟದಿಂದ ಎಳೆದುಕೊಂಡು ಮಟ್ಟ ಮಾಡಬೇಕು. ನಿಮ್ಮ ಸ್ಟುಡಿಯೋದಲ್ಲಿ ಇದಕ್ಕೆ ಸ್ಲೆಡ್ ಎನ್ನುತ್ತಾರೆ, ಅದಕ್ಕೆ ಬೇರೆ ಫೀಸು. ನಮ್ಮದರಲ್ಲಿ ಇದು ಶುರುವಾಗುವ ಮುಂಚಿನ ಕಸ ಗುಡಿಸುವ ಕೆಲಸ! ಹದಕ್ಕೆ ಎಳ್ಳೆಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಬೀಳುತ್ತದಲ್ಲ, ಆ ಮಣ್ಣಿನ ವಾಸನೆಗೇ ಅರ್ಧ ಜನ ವಾಪಸ್ ಬರುವುದು.

ರೀಲ್ಸ್ ರಾಣಿ
ಎಲ್ಲ ಸರಿ, ಗರಡಿಯೊಳಗೆ ಅಕ್ಕನನ್ನು ಬಿಡುತ್ತಾರಾ? ಅದನ್ನು ಮೊದಲು ಹೇಳಿ.

ಮಟ್ಟಿ ಮಣ್ಣು
ನಮ್ಮ ಕಡೆ ಇಲ್ಲ. ಹಳೇ ಪದ್ಧತಿ.

ರೀಲ್ಸ್ ರಾಣಿ
ಹಾಗಾದರೆ ಅರ್ಧ ಊರಿಗೆ ನಿಮ್ಮ ಗರಡಿ ಲೆಕ್ಕಕ್ಕೇ ಇಲ್ಲ. ಮಹಿಳೆಯರ ಕುಸ್ತಿ 2004ರಲ್ಲೇ ಒಲಿಂಪಿಕ್ಸ್‌ಗೆ ಬಂತು. 2016ರಲ್ಲಿ ಸಾಕ್ಷಿ ಮಲಿಕ್ ಪದಕವನ್ನೂ ತಂದರು. ಇನ್ನೂ "ಹಳೇ ಪದ್ಧತಿ" ಎಂದರೆ ಏನು ಹೇಳುವುದು.

ಜುಂಬಾವನ್ನು ಎಲ್ಲರೂ ಬೈಯುತ್ತೀರಿ. ನಮ್ಮ ಬೀದಿಯಲ್ಲಿ ಮಕ್ಕಳ ಮದುವೆ ಮುಗಿಸಿದ ಹೆಂಗಸರು ಮೊದಲ ಸಲ ಮನೆಯಿಂದ ಹೊರಗೆ ಬಂದು ಮೈ ಕುಣಿಸಿದ್ದು ಆ ಜುಂಬಾದಿಂದಲೇ. ಬಾರ್ಬೆಲ್ (ಭಾರ ಹಾಕಿ ಎತ್ತುವ ರಾಡ್) ಜಿಮ್ಮಿಗೆ ಹೋದರೆ ಕನ್ನಡಿ ಮುಂದೆ ನಿಂತ ಹುಡುಗರು ಇವರನ್ನು ಹೇಗೆ ನೋಡುತ್ತಾರೆ ಗೊತ್ತಲ್ಲ? ಸುಮ್ನೆ ಮನೆಯಲ್ಲಿ ಕೂರುವುದಕ್ಕಿಂತ ಅದು ಸಾವಿರ ಪಾಲು ವಾಸಿ.

ಬಾರ್ಬೆಲ್ ಭಟ್ಟ
ಒಪ್ಪಿದೆ. ಜುಂಬಾ ಕೆಟ್ಟದ್ದು ಎಂದು ನಾನು ಹೇಳಿಲ್ಲ. ಅದು ಎದೆಗೆ, ಉಸಿರಿಗೆ ಒಳ್ಳೆಯದು. ಸಿಲಿಂಡರ್ ಎತ್ತುವ ಬಲ ಅದರಿಂದ ಬರುವುದಿಲ್ಲ ಎಂದಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಎರಡನ್ನೂ: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ದಮ್ಮಿನ ಓಡಾಟ, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುವಿಗೆ ಬಲ ಕೊಡುವ ಕಸರತ್ತು. ನಮ್ಮ ಜನ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿದ್ದಾರೆ.

ಆದರೆ ಆ ತಬಾಟಾ ಬಗ್ಗೆ ನನಗೆ ಸಿಟ್ಟಿದೆ. ಜಪಾನಿನ ವಿಜ್ಞಾನಿ ಇಝುಮಿ ತಬಾಟಾ ಅವರ 1996ರ ಪ್ರಯೋಗದಲ್ಲಿ ಇದ್ದದ್ದು ಸೈಕಲ್. 20 ಸೆಕೆಂಡು ಜೀವ ಹೋಗುವ ಹಾಗೆ ತುಳಿಯುವುದು, 10 ಸೆಕೆಂಡು ಬಿಡುವುದು, ಏಳೆಂಟು ಸುತ್ತು. ಒಟ್ಟು ನಾಲ್ಕು ನಿಮಿಷದೊಳಗೆ ಮುಗಿಯಬೇಕು, ಅದಕ್ಕಿಂತ ಮುಂದೆ ಮನುಷ್ಯನ ಕೈಲಿ ಆಗಬಾರದು. ಮುಕ್ಕಾಲು ಗಂಟೆ ತಬಾಟಾ ಕ್ಲಾಸ್ ಎಂದು ಬೋರ್ಡ್ ಹಾಕಿದ್ದರೆ ಅದು ಬೇರೆ ಏನೋ.

ತುಂಗಾ ತೀರ
ಸ್ಮಾರ್ಟ್ ವಾಚಿನ ಹತ್ತು ಸಾವಿರ ಹೆಜ್ಜೆಯ ಕಥೆಯೂ ಅಷ್ಟೇ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಮೀಟರ್ ಮಾರಲು ಇಟ್ಟ ಸಂಖ್ಯೆ ಅದು. ಡಾಕ್ಟರುಗಳು ಕೂತು ಲೆಕ್ಕ ಹಾಕಿ ಕೊಟ್ಟಿದ್ದಲ್ಲ. ನಮ್ಮ ಮನೆಯವರು ರಾತ್ರಿ ಊಟ ಆದಮೇಲೆ ವಾಚಿಗೆ ಲೆಕ್ಕ ತುಂಬಿಸಲು ಹಾಲ್‌ನಲ್ಲಿ ಸುತ್ತುತ್ತಾರೆ. ಟಿವಿ ಕಾಣಿಸುವುದಿಲ್ಲ.

ಗೋಪಿ ಸರ್ಕಲ್
ಐಸ್ ಬಾತ್ ಬಗ್ಗೆಯೂ ಯಾರಾದರೂ ಹೇಳಿ. ಬೆಂಗಳೂರಿನಲ್ಲಿ ಟಬ್ಬಿಗೆ ಐಸ್ ಸುರಿದು ಕೂರಲು ದುಡ್ಡು ಕೊಡುತ್ತಾರಂತೆ. ಡಿಸೆಂಬರಿನಲ್ಲಿ ಬೆಳಗ್ಗೆ ಬಂದರೆ ತುಂಗೆಯಲ್ಲಿ ನಾನೇ ಫ್ರೀಯಾಗಿ ಮುಳುಗಿಸುತ್ತೇನೆ.

ಅಡಿಕೆಮನೆ
ನಾನು ತೀರ್ಥಹಳ್ಳಿ ಕಡೆಯವ. ಮಾವನವರ ಪರ ಮಾತಾಡಲು ಇಲ್ಲಿ ಯಾರೂ ಇಲ್ಲವಲ್ಲ ಮಾರಾಯ್ರೇ!

ನಮ್ಮ ಕೊನೆ (ಅಡಿಕೆ ಗೊನೆ) ತೆಗೆಯುವವರನ್ನು ಒಮ್ಮೆ ನಿಂತು ನೋಡಿ. ಐವತ್ತು ಅರವತ್ತು ಅಡಿ ಮರ. ಕಾಲಿಗೆ ಒಂದು ಬಳ್ಳಿ, ಸೊಂಟದಲ್ಲಿ ಕತ್ತಿ. ತುದಿಗೆ ಹೋಗಿ ಕೊನೆ ಕೊಯ್ದು ಹಗ್ಗದಲ್ಲಿ ಜಾರಿ ಬಿಡುತ್ತಾನೆ. ಕೆಳಗೆ ಒಬ್ಬ ಹಗ್ಗ ಹಿಡಿದು ನಿಂತಿರುತ್ತಾನೆ. ಆ ಮರ ಮುಗಿದರೆ ಕೆಳಗೆ ಇಳಿಯುವುದೇ ಇಲ್ಲ. ಮೈ ತೂಗಿ ಮರವನ್ನೇ ಬಗ್ಗಿಸಿ, ಪಕ್ಕದ ಮರಕ್ಕೆ ಕೈ ಚಾಚಿ, ಅಲ್ಲಿಂದಲೇ ದಾಟುತ್ತಾನೆ. ಯಾವ ಜಿಮ್ಮಿನ ಪುಲ್‌ಅಪ್ ಚಾಂಪಿಯನ್ ಇದನ್ನು ಮಾಡುತ್ತಾನೆ, ಕರೆದುಕೊಂಡು ಬನ್ನಿ. ಮಳೆಗಾಲದಲ್ಲಿ ಬೋರ್ಡೋ ಔಷಧಿ ಹೊಡೆಯಲು ಅದೇ ಮರವನ್ನು ಜಾರುವ ಪಾಚಿಯ ಮೇಲೆ ಹತ್ತಬೇಕು.

ಕಸುವು ಎಂದರೆ ಅದು. ಕನ್ನಡಿ ಮುಂದೆ ನಿಂತು ತೋಳು ಮಡಚುವುದಲ್ಲ.

ಸಾಗರದ ಫಿಸಿಯೋ
ಅಡಿಕೆಮನೆಯವರೇ, ಅವರ ಕಸುವಿಗೆ ನನ್ನದೂ ಕೈಮುಗಿತ. ಆದರೆ ಆ ಕೊನೆಗಾರರು ವಯಸ್ಸಾದ ಮೇಲೆ ಎಲ್ಲಿಗೆ ಬರುತ್ತಾರೆ ಗೊತ್ತಾ? ನನ್ನ ಹತ್ತಿರ. ಭುಜ ಎತ್ತಲು ಆಗುವುದಿಲ್ಲ, ಮಂಡಿ ಮಡಚಲು ಆಗುವುದಿಲ್ಲ. ತಲೆ ಮೇಲೆ ಹೆಡಿಗೆ ಹೊತ್ತ ಹೆಂಗಸರದು ಕುತ್ತಿಗೆ.

ದುಡಿಮೆ ಬೇರೆ, ತರಬೇತಿ ಬೇರೆ. ಈ ಮಾತು ಮಲೆನಾಡಿನಲ್ಲಿ ಹೇಳಿದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ಆದರೂ ಹೇಳುತ್ತೇನೆ. ತರಬೇತಿಯಲ್ಲಿ ಭಾರ ಎಷ್ಟು ಎಂದು ನಿರ್ಧರಿಸುವವರು ನೀವು. ತೋಟದಲ್ಲಿ ಅದನ್ನು ನಿರ್ಧರಿಸುವುದು ಗೊಬ್ಬರದ ಗುಂಡಿ. ಸುಸ್ತಾದರೆ ಜಿಮ್ಮಿನಲ್ಲಿ ನಾಳೆ ರಜೆ. ಕೊಯ್ಲಿನ ಹಂಗಾಮಿನಲ್ಲಿ ರಜೆ ಕೇಳಿ ನೋಡಿ! ವರ್ಷದ ಏಳೆಂಟು ತಿಂಗಳು ಹಗುರ ಕೆಲಸ, ಆಮೇಲೆ ಒಮ್ಮೆಗೇ ಬೆಳಗಿಂದ ಸಂಜೆ ತನಕ ಹೊರೆ, ಅದೂ ಒಂದೇ ಭುಜಕ್ಕೆ. ದೇಹಕ್ಕೆ ಅದು ಹೊಂದಿಕೊಳ್ಳುವ ಮುಂಚೆ ಹಂಗಾಮು ಮುಗಿದಿರುತ್ತದೆ.

ನಿಜ ಹೇಳಬೇಕೆಂದರೆ, ಕೊನೆಗಾರರಿಗೇ ವಾರಕ್ಕೆ ಎರಡು ದಿನ ಬೆನ್ನು, ಭುಜದ ಕಸರತ್ತು ಮಾಡಿಸಿದರೆ ಅವರು ಇನ್ನೂ ಹೆಚ್ಚು ವರ್ಷ ಮರ ಹತ್ತುತ್ತಾರೆ.

ಅಡಿಕೆಮನೆ
ಇನ್ನು ಮುಂದೆ ಮರ ಹತ್ತುವವರೇ ಸಿಗುವುದಿಲ್ಲ ಬಿಡಿ. ಎಲ್ಲ ಕಾರ್ಬನ್ ಫೈಬರ್ ದೋಟಿ. ನೆಲದಲ್ಲಿ ನಿಂತು ಕುತ್ತಿಗೆ ಮೇಲೆತ್ತಿ ಕೊಯ್ಯುವುದು. ಅದರ ಕುತ್ತಿಗೆನೋವಿಗೂ ನಿಮ್ಮ ಹತ್ತಿರವೇ ಬರುತ್ತೇವೆ.

ಸಾಗರದ ಫಿಸಿಯೋ
ಬರುತ್ತಿದ್ದಾರೆ ಆಗಲೇ.

ಕೋಟೆ ರಸ್ತೆ
ಕುಸ್ತಿಯ ಮಾತು ಬಂತಲ್ಲ, ಕೋಟೆ ಮಾರಿಕಾಂಬೆ ಜಾತ್ರೆಯ ಬಯಲು ಕುಸ್ತಿ ನೋಡಿದವರು ಯಾರಿದ್ದೀರಿ? ಎರಡು ವರ್ಷಕ್ಕೊಮ್ಮೆ ಬರುತ್ತದೆ. ತಮಟೆ ಸದ್ದು, ಮಣ್ಣು ಎರಚಾಟ, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಸುತ್ತುವುದು. ಅಲ್ಲಿ ಗೆಲ್ಲುವ ಪೈಲ್ವಾನರಿಗೆ ಹೊಟ್ಟೆ ಮೇಲೆ ಸಿಕ್ಸ್ ಪ್ಯಾಕ್ ಇರುವುದಿಲ್ಲ, ಗಮನಿಸಿ.

ಪಿ.ಟಿ. ಮೇಷ್ಟ್ರು
ಸೊರಬದ ಕಡೆ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದವನು, ಈಗ ನಿವೃತ್ತ. ಪೊಲೀಸ್, ಅಗ್ನಿವೀರ್ ಎಂದು ಬರುವ ಹುಡುಗರಿಗೆ ಬೆಳಗ್ಗೆ ಹೊತ್ತು ಹೇಳಿಕೊಡುತ್ತೇನೆ. ಸೇನೆಗೆ 1.6 ಕಿ.ಮೀ. ಓಟ, ಕಂಬಿಗೆ ಪುಲ್‌ಅಪ್, 9 ಅಡಿ ಹಳ್ಳ ಹಾರುವುದು ಇರುತ್ತದೆ. ಪುಲ್‌ಅಪ್ 10 ಆದರೆ ಪೂರ್ತಿ ಅಂಕ.

ಹುಡುಗರು ಮೊಬೈಲ್ ನೋಡಿಕೊಂಡು ಬರುತ್ತಾರೆ. ಒಬ್ಬ ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಓಡುತ್ತಾನೆ, ಇನ್ನೊಬ್ಬ ಮುಖಕ್ಕೆ ಮಾಸ್ಕ್ ಹಾಕಿಕೊಂಡು. ಎರಡು ಪುಲ್‌ಅಪ್ ಮಾಡಲು ಬಾರದವನಿಗೆ ಮಾಸ್ಕ್ ಎಂಥಕ್ಕೆ? ಅವನಿಗೆ ಮೊದಲು ಕಂಬಿ ಹಿಡಿದು ನೇತಾಡಲು ಕಲಿಸುತ್ತೇನೆ. ಆಮೇಲೆ ಸ್ಟೂಲಿನಿಂದ ಮೇಲೆ ಹಾರಿ, ಗಲ್ಲ ಕಂಬಿಯ ಮೇಲಿಟ್ಟು, ಐದು ಎಣಿಸುತ್ತಾ ನಿಧಾನ ಇಳಿಯುವುದು. ಇಳಿಯುವುದರಲ್ಲೇ ಅರ್ಧ ಬಲ ಬರುತ್ತದೆ. ಒಂದು ಪೂರ್ತಿ ಬಂದಮೇಲೆ ಎರಡು, ಮೂರು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಅದಕ್ಕೇ ಯಾರಿಗೂ ನಂಬಿಕೆ ಇಲ್ಲ.

ಇನ್ನು ಭಾರ ಎತ್ತುವುದನ್ನು ಯಾರೂ ಹೀಗಳೆಯಬೇಡಿ. ಘಾಟಿ ಇಳಿದರೆ ಕುಂದಾಪುರ. ಅಲ್ಲಿಯ ಗುರುರಾಜ ಪೂಜಾರಿ ಕುಸ್ತಿ ಎಂದು ಹೊರಟು ವೇಟ್‌ಲಿಫ್ಟಿಂಗ್‌ಗೆ ಬಂದವರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ, ಒಟ್ಟು 249 ಕೆ.ಜಿ. ಎತ್ತಿ. 2022ರಲ್ಲಿ 61 ಕೆ.ಜಿ. ವಿಭಾಗದ ಕಂಚು. ತಮ್ಮ ತೂಕದ ಎರಡು ಪಟ್ಟಿಗಿಂತ ಜಾಸ್ತಿ ತಲೆ ಮೇಲೆ ಎತ್ತಿದ ಮನುಷ್ಯ. ಅದೇನು ರೀಲ್ಸ್ ನೋಡಿ ಬಂದದ್ದಾ?

ಮಟ್ಟಿ ಮಣ್ಣು
ಕುಸ್ತಿಯಿಂದ ಬಂದವರು ಎಂದಿರಲ್ಲ, ಅಷ್ಟು ಸಾಕು ಮೇಷ್ಟ್ರೇ 😄

ಬಾರ್ಬೆಲ್ ಭಟ್ಟ
ಕುಸ್ತಿ ಬಿಟ್ಟಮೇಲೆ ಪದಕ ಬಂತು, ಅದನ್ನೂ ಓದಿ ತಮ್ಮಾ.

ತಮಾಷೆ ಬಿಡಿ. ಗರಡಿಯ ಬಗ್ಗೆ ನನ್ನ ತಕರಾರು ಒಂದೇ. ಬಸ್ಕಿ ಐವತ್ತು ಹೊಡೆಯುವವನು ಐನೂರಕ್ಕೆ ಹೋದರೆ ದಮ್ಮು ಜಾಸ್ತಿಯಾಗುತ್ತದೆ, ಬಲ ಅಷ್ಟಾಗಿ ಏರುವುದಿಲ್ಲ. ಭಾರ ಅದೇ ಮೈ ತೂಕ ತಾನೇ? ಹೆಗಲ ಮೇಲೆ ಕಬ್ಬಿಣ ಇಟ್ಟು ಐದು ಸಲ ಕೂತೆದ್ದರೆ ಬರುವುದು ಬೇರೆ ಬಲ.

ಮಟ್ಟಿ ಮಣ್ಣು
ಬರೀ ಬಸ್ಕಿ ಎಂದು ಯಾರು ಹೇಳಿದರು? ಜೊತೆಗಾರನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಕಿ ಹೊಡೆಯುತ್ತೇವೆ. ಹಗ್ಗ ಹತ್ತುತ್ತೇವೆ. ಆಮೇಲೆ ಎದುರಿಗೆ ತೊಂಬತ್ತು ಕೆ.ಜಿ. ಮನುಷ್ಯ ಕುತ್ತಿಗೆ ಮೇಲೆ ಕೈ ಹಾಕಿ ನಿಂತಿರುತ್ತಾನೆ. ಬಾರ್ಬೆಲ್ ವಾಪಸ್ ತಳ್ಳುತ್ತದಾ ಭಟ್ರೇ?

ಗೋಪಿ ಸರ್ಕಲ್
ಬಸ್ಕಿಯನ್ನು ನಮ್ಮ ಲೆಕ್ಕದ ಮೇಷ್ಟ್ರು ಫ್ರೀಯಾಗಿ ಹೊಡೆಸುತ್ತಿದ್ದರು. ತೊಡೆ ಗಟ್ಟಿಯಾಯಿತು, ಲೆಕ್ಕ ಬರಲಿಲ್ಲ.

ಸಾಗರದ ಫಿಸಿಯೋ
ನಗು ಸರಿ, ಆದರೆ ಇದನ್ನು ಎಲ್ಲರೂ ಓದಿ. ಅಭ್ಯಾಸ ಇಲ್ಲದವರಿಗೆ ಮೊದಲ ದಿನವೇ ನೂರಾರು ಬಸ್ಕಿ ಹೊಡೆಸುವುದು ಅಪಾಯ. ಗರಡಿಯಾಗಲಿ, ಸ್ಟುಡಿಯೋದ "ಚಾಲೆಂಜ್" ಆಗಲಿ. ಸ್ನಾಯು ಒಡೆದು ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆತ ಬೀಳಬಹುದು. ಇದಕ್ಕೆ ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ತೊಡೆ ಊದಿಕೊಂಡು ವಿಪರೀತ ನೋವಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮಾಮೂಲಿ ಮೈಕೈ ನೋವು ಬೇರೆ. ಅದು ಮರುದಿನದಿಂದ ಮೂರನೇ ದಿನದ ತನಕ ಇರುತ್ತದೆ, ತಾನಾಗಿ ಹೋಗುತ್ತದೆ.

ಮಲ್ನಾಡ್ ಮಳೆ
2021ರಲ್ಲಿ ಅಪ್ಪು ಹೋದಮೇಲೆ ನಮ್ಮ ಮನೆಯಲ್ಲಿ ಜಿಮ್ ಎಂದರೆ ಅಮ್ಮನ ಮುಖ ಬಾಡುತ್ತದೆ. ಭಾರ ಎತ್ತಿದರೆ ಹಾರ್ಟಿಗೆ ತೊಂದರೆ ಎಂದು ಕೂತಿದ್ದಾರೆ. ಏನು ಹೇಳಲಿ?

ಸಾಗರದ ಫಿಸಿಯೋ
ಅಮ್ಮನ ಭಯ ಸಹಜ. ಒಬ್ಬರ ಸಾವನ್ನು ಇಟ್ಟುಕೊಂಡು ಕಸರತ್ತೇ ಕಾರಣ ಎಂದು ಹೇಳಲು ಬರುವುದಿಲ್ಲ. ಶುರು ಮಾಡುವ ಮುಂಚೆ ಬಿಪಿ, ಶುಗರ್ ನೋಡಿಸಿ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆದವರಿದ್ದರೆ ಡಾಕ್ಟರಿಗೆ ಅದನ್ನು ಹೇಳಿ. ಮಾಡುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಉಸಿರು ಕಟ್ಟಿಕೊಂಡು ಎತ್ತುವ ದೊಡ್ಡ ಭಾರ ಬಿಪಿ ಇರುವವರಿಗೆ ಬೇಡ. ಇಷ್ಟು ನೋಡಿಕೊಂಡರೆ ಅಮ್ಮನೂ ಮಾಡಬಹುದು.

ವಿನೋಬನಗರದವಳು
ಇಷ್ಟು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಭಟ್ರೇ, ಬಾರ್ಬೆಲ್ ಎಂದರೆ ನನಗೆ ಹೆದರಿಕೆ. ಸೊಂಟನೋವು ಇರುವವಳು ಡೆಡ್‌ಲಿಫ್ಟ್ ಮಾಡಿದರೆ ಇನ್ನೂ ಹಾಳಾಗುವುದಿಲ್ಲವಾ? ಇನ್ನೊಂದು, ಜಿಮ್ ನೋಡಲು ಹೋದರೆ ಏನು ಕೇಳಬೇಕು?

ಬಾರ್ಬೆಲ್ ಭಟ್ಟ
ಡಾಕ್ಟರು ಡಿಸ್ಕ್ ಸರಿ ಇದೆ ಎಂದಿದ್ದಾರಲ್ಲ. ಮೊದಲ ಕೆಲವು ವಾರ ಬಾರ್ಬೆಲ್ ಮುಟ್ಟಲೇಬೇಡಿ. ಒಂದು ಡಂಬೆಲ್ ಅಥವಾ ಕೆಟಲ್‌ಬೆಲ್ (ಹಿಡಿ ಇರುವ ಕಬ್ಬಿಣದ ಗುಂಡು) ಎರಡೂ ಕೈಯಲ್ಲಿ ಹಿಡಿದು, ಹಿಂದೆ ಇರುವ ಬಾಗಿಲನ್ನು ಕುಂಡೆಯಿಂದ ತಳ್ಳುವ ಹಾಗೆ ಬಗ್ಗುವುದು ಕಲಿಯಿರಿ. ಬೆನ್ನು ಗೂನು ಮಾಡದೆ ಭಾರವನ್ನು ಕಾಲಿಗೆ ಅಂಟಿಸಿಕೊಂಡು ಎತ್ತುವುದು. ನಿಮ್ಮ ಗ್ಯಾಸ್ ಸಿಲಿಂಡರ್‌ಗೆ ಬೇಕಾದ್ದೂ ಅದೇ.

ಜಿಮ್ಮಿಗೆ ಹೋದಾಗ ಏಸಿ, ಹಾಡು ನೋಡಬೇಡಿ. ರಾಡಿನ ತುದಿಗೆ ಹಾಕುವ 1.25 ಕೆ.ಜಿ. ಪ್ಲೇಟ್ ಇದೆಯಾ ಕೇಳಿ. ಅದು ಇದ್ದರೆ ಎರಡೂ ಕಡೆ ಒಂದೊಂದು ಹಾಕಿ ಒಂದು ಸಲಕ್ಕೆ 2.5 ಕೆ.ಜಿ. ಏರಿಸಬಹುದು. ಬರೀ 5 ಕೆ.ಜಿ. ಪ್ಲೇಟ್ ಇಟ್ಟುಕೊಂಡಿದ್ದರೆ ಒಮ್ಮೆಗೇ 10 ಏರುತ್ತದೆ, ಹೊಸಬರಿಗೆ ಆಗುವುದಿಲ್ಲ. ದೊಡ್ಡ ರಾಡ್ 20 ಕೆ.ಜಿ., ಹೆಂಗಸರದು 15. ಅದೂ ಭಾರವಾದರೆ ಹಗುರ ರಾಡ್ ಇದೆಯಾ ನೋಡಿ. ಮತ್ತೆ, "ಹೆಂಗಸರಿಗೆ ಟ್ರೆಡ್‌ಮಿಲ್ ಸಾಕು" ಎಂದು ಯಾರಾದರೂ ಹೇಳಿದರೆ ಅಲ್ಲಿಂದಲೇ ಚಪ್ಪಲಿ ಹಾಕಿಕೊಳ್ಳಿ.

ರೀಲ್ಸ್ ರಾಣಿ
ಕೊನೇ ಸಾಲಿಗೆ ಮಾತ್ರ ನನ್ನ ಲೈಕು. ಜುಂಬಾ ಬಿಡಬೇಡಿ ಅಕ್ಕಾ, ವಾರಕ್ಕೆ ಎರಡು ದಿನ ಇಟ್ಟುಕೊಳ್ಳಿ. ಬರೀ ಕಬ್ಬಿಣ ಹಿಡಿದರೆ ಈ ಭಟ್ರ ಹಾಗೆ ಆಗುತ್ತೀರಿ.

ಕೋಟೆ ರಸ್ತೆ
ಊಟದ ವಿಷಯ ಯಾರೂ ಎತ್ತಲಿಲ್ಲ. ಬೆಳಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿರೊಟ್ಟಿ. ಪ್ರೋಟೀನ್ ಎಲ್ಲಿಂದ ಬರಬೇಕು?

ಬಾರ್ಬೆಲ್ ಭಟ್ಟ
ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ಸಾಮಾನ್ಯರಿಗೆ ದಿನಕ್ಕೆ ಮೈತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. ಭಾರ ಎತ್ತುವವರು 1.2ರಿಂದ 1.6ರ ತನಕ ಹೋಗಬಹುದು. ಕಡುಬಿನ ಜೊತೆ ಹೆಸರುಕಾಳು ಉಸಲಿ, ಮಧ್ಯಾಹ್ನ ಗಟ್ಟಿ ಬೇಳೆ, ಮೊಸರು. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ, ಒಂದಕ್ಕೆ 6 ಗ್ರಾಂ.

ಗೋಪಿ ಸರ್ಕಲ್
ಭಟ್ರು ಮೊಟ್ಟೆ ರೇಟ್ ಎಲ್ಲ ತಿಳಿದುಕೊಂಡಿದ್ದಾರೆ, ಮನೆಯಲ್ಲಿ ಗೊತ್ತಾ?

ಬಾರ್ಬೆಲ್ ಭಟ್ಟ
ಈ ಕಮೆಂಟ್ ಡಿಲೀಟ್ ಮಾಡಿ ಮಾರಾಯಾ.

ತುಂಗಾ ತೀರ
ಗದೆಯ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಈಗ ಆನ್‌ಲೈನಿನಲ್ಲಿ "ಸ್ಟೀಲ್ ಮೇಸ್" ಎಂದು ಮಾರುತ್ತಾರಲ್ಲ, ನಮ್ಮ ಗದೆಯೇ ಅದು. ಮರದ ಮುದ್ಗರವನ್ನು ಬ್ರಿಟಿಷರು ಇಲ್ಲಿಂದ ಕಲಿತು ಅಲ್ಲಿ ಇಂಡಿಯನ್ ಕ್ಲಬ್ ಎಂದು ಹಬ್ಬಿಸಿದರು. 1904, 1932ರ ಒಲಿಂಪಿಕ್ಸ್‌ನಲ್ಲಿ ಅದನ್ನು ತಿರುಗಿಸುವ ಸ್ಪರ್ಧೆಯೂ ಇತ್ತು. ಇವತ್ತಿನ ಟ್ರೆಂಡ್ ಎಂದು ಬೈಯುವ ಮುಂಚೆ ಅದು ಯಾರದ್ದು ಎಂದು ನೋಡಬೇಕಾಗುತ್ತದೆ.

ಮಟ್ಟಿ ಮಣ್ಣು
ಇದನ್ನೇ ನಾನು ಬೆಳಗಿನಿಂದ ಬಡಿದುಕೊಳ್ಳುತ್ತಿರುವುದು!

ಅಡಿಕೆಮನೆ
ಭಟ್ರೇ, ಇಷ್ಟು ಓದಿದಮೇಲೆ ಒಪ್ಪಿಕೊಳ್ಳದೆ ಇರಲಾರೆ, ಮಗ ಮನೆಯಲ್ಲೇ ಒಂದು ರಾಡ್, ಪ್ಲೇಟು ತಂದು ಹಳೇ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ. ನಾನೂ ಕದ್ದು ಎತ್ತಿ ನೋಡುತ್ತೇನೆ. ಆದರೆ ನಮ್ಮ ಮಳೆ ಗೊತ್ತಲ್ಲ. ಜುಲೈ ಬರುವಷ್ಟರಲ್ಲಿ ರಾಡ್ ಪೂರ್ತಿ ತುಕ್ಕು, ಕೈಯೆಲ್ಲ ಕೆಂಪು. ಇದಕ್ಕೇನು ಮಾಡುವುದು?

ಬಾರ್ಬೆಲ್ ಭಟ್ಟ
ಹಾ, ಸಿಕ್ಕಿಬಿದ್ದಿರಿ! ಗಟ್ಟಿ ನೈಲಾನ್ ಬ್ರಷ್‌ನಲ್ಲಿ ತುಕ್ಕು ಉಜ್ಜಿ ತೆಗೆಯಿರಿ. ಆಮೇಲೆ ಹೊಲಿಗೆ ಮಷೀನಿಗೆ ಹಾಕುವ ತೆಳು ಎಣ್ಣೆ ಬಟ್ಟೆಗೆ ಹಾಕಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೆ ಒರೆಸಿ. ಇಲ್ಲದಿದ್ದರೆ ಕೈ ಜಾರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ. ರಾಡನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬೇಡಿ.

ಅಡಿಕೆಮನೆ
ಕೊಬ್ಬರಿ ಎಣ್ಣೆ ಆಗುವುದಿಲ್ಲವಾ?

ಮಟ್ಟಿ ಮಣ್ಣು
ಇರುವೆ ಬರುತ್ತವೆ.

ಅಡಿಕೆಮನೆ
ಅಟ್ಟದಲ್ಲಿ ಅಡಿಕೆ ಒಣಗಿಸುವ ಒಲೆ ಇದೆ. ಅದರ ಪಕ್ಕ ಇಟ್ಟುಬಿಡುತ್ತೇನೆ ಹಾಗಾದರೆ. ಹೊಗೆಗೆ ಮಗ ಕೆಮ್ಮಿದರೆ ಕೆಮ್ಮಲಿ.